ಕಾಗದದ ಬಿರಡೆ ಕಲಿಸಿದ ಪಾಠ

ಹತ್ತೊಂಬತ್ತನೆಯ ಶತಮಾನದ ಮೂವತ್ತರ ದಶಕದ ಕೊನೆ. ಊರು ಕಲ್ಕತ್ತ. ನಲವತ್ತು ದಿನದ ಒಂದು ಹೆಣ್ಣುಕೂಸಿಗೆ ಸೆಪ್ಟೆಂಬರ್ 10ರಂದು ಸಣ್ಣದಾಗಿ ಸೆಳವು ಕಾಣಿಸಿಕೊಂಡಿತು. ಎರಡು ವಾರ ಕಳೆಯುವಷ್ಟರಲ್ಲಿ ಅದು ತೀವ್ರವಾಯಿತು. ಆ ಕಾಲದಲ್ಲಿ ರೂಢಿಯಲ್ಲಿದ್ದ ಚಿಕಿತ್ಸೆಗಳೆಲ್ಲ ನಡೆದವು. ಭೇದಿಗೆ ಔಷಧ ಕೊಟ್ಟರು, ಬಿಸಿನೀರಿನ ಸ್ನಾನ ಮಾಡಿಸಿದರು, ಪಾದರಸದ ಲವಣವಾದ ಕ್ಯಾಲೊಮೆಲ್ ಕೊಟ್ಟರು, ತಲೆಗೆ ಜಿಗಣೆ ಹಚ್ಚಿದರು, ಅಫೀಮಿನ ಔಷಧವನ್ನೂ ಕೊಟ್ಟರು. ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಸೆಪ್ಟೆಂಬರ್ 30ರ ಹೊತ್ತಿಗೆ ಸೆಳವು ಬಿಡುವಿಲ್ಲದೆ ಬರುತ್ತಿತ್ತು. ಕೂಸು ಹಾಲು ಕುಡಿಯುವುದನ್ನೂ ಬಿಟ್ಟಿತ್ತು.

ಆಗ ವೈದ್ಯರು ತಂದೆತಾಯಿಯ ಒಪ್ಪಿಗೆ ಪಡೆದು ಒಂದು ಹೊಸ ಪ್ರಯತ್ನಕ್ಕೆ ಕೈಹಾಕಿದರು. ಗಾಂಜಾ ಗಿಡದ ರಾಳವನ್ನು ಮದ್ಯಸಾರದಲ್ಲಿ ಕರಗಿಸಿದ ಟಿಂಚರನ್ನು ರಾತ್ರಿ ಹತ್ತು ಗಂಟೆಗೆ ಕೂಸಿನ ನಾಲಗೆಯ ಮೇಲೆ ಒಂದೇ ಒಂದು ಹನಿ ಹಾಕಿದರು. ಒಂದೂವರೆ ಗಂಟೆಯ ನಂತರ ಇನ್ನೆರಡು ಹನಿ. ಕೂಸು ನಿದ್ದೆ ಹೋಯಿತು. ಎದ್ದಾಗ ಹಸಿವಿನಿಂದ ಅತ್ತು ಹಾಲು ಕುಡಿಯಿತು. ನಾಲ್ಕು ದಿನ ಸೆಳವಿನ ಸುಳಿವೇ ಇರಲಿಲ್ಲ.

ಅಕ್ಟೋಬರ್ 4ರ ನಸುಕಿನಲ್ಲಿ ಸೆಳವು ಮರಳಿತು. ಗಂಟೆಗೊಮ್ಮೆ ಐದೈದು ಹನಿ ಹಾಕುತ್ತ ಹೋದರು. ಮಧ್ಯರಾತ್ರಿಯೊಳಗೆ ನಲವತ್ತನಾಲ್ಕು ಹನಿ ಹಾಕಿದರೂ ಮೂವತ್ತು ಬಾರಿ ಸೆಳವು ಬಂದಿತು. ಮೊದಲ ದಿನ ಮೂರು ಹನಿಗೆ ಮಣಿದ ರೋಗ ಈಗ ನಲವತ್ತನಾಲ್ಕಕ್ಕೂ ಮಣಿಯದಿದ್ದುದೇಕೆ? ಉತ್ತರ ಮರುದಿನ ಹನ್ನೊಂದು ಗಂಟೆಗೆ ಸಿಕ್ಕಿತು. ಮನೆಯ ಆಳು ಔಷಧವನ್ನು ಒಂದು ಪುಟ್ಟ ಶೀಸೆಯಲ್ಲಿ ಇಟ್ಟು, ಅದಕ್ಕೆ ಕಾಗದದ ಬಿರಡೆ ಹಾಕಿದ್ದ. ಮದ್ಯಸಾರ ಆವಿಯಾಗಿ ಹೋಗಿತ್ತು. ರಾಳವೆಲ್ಲ ಶೀಸೆಯ ಒಳಗೋಡೆಗೆ ಅಂಟಿಕೊಂಡಿತ್ತು. ಹಿಂದಿನ ದಿನವೆಲ್ಲ ಕೂಸಿನ ಬಾಯಿಗೆ ಬಿದ್ದದ್ದು ಬರೀ ನೀರು!

ಕರಗುವಿಕೆಯ ಪಾಠ ಮಾಡುವ ಅಧ್ಯಾಪಕರಿಗೆ ಇದಕ್ಕಿಂತ ಮನಮುಟ್ಟುವ ಉದಾಹರಣೆ ಸಿಗುವುದು ಕಷ್ಟ. ಆದರೆ ಈ ಶೀಸೆಯ ಕಥೆಯಲ್ಲಿ ರಸಾಯನಶಾಸ್ತ್ರದ ಪಾಠವಷ್ಟೇ ಇಲ್ಲ. ಮೂರ್ಛೆರೋಗಕ್ಕೆ, ಅಂದರೆ ಅಪಸ್ಮಾರಕ್ಕೆ, ಗಾಂಜಾ ಗಿಡದ ಔಷಧವನ್ನು ಬಳಸುವವರು ಇಂದಿಗೂ ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳು ಅದರಲ್ಲಿವೆ. ಶೀಸೆಯಲ್ಲಿ ನಿಜವಾಗಿ ಏನಿದೆ? ರೋಗಿಯ ದೇಹದಲ್ಲಿ ಆಗಲೇ ಬೇರೆ ಯಾವ ಔಷಧವಿದೆ? ಮೊದಲನೆಯ ಪ್ರಶ್ನೆಯ ಮಹತ್ವ ಕಲ್ಕತ್ತದ ವೈದ್ಯರಿಗೆ ಒಂದೇ ದಿನದಲ್ಲಿ ಅರಿವಾಯಿತು. ಎರಡನೆಯದು ವಿಜ್ಞಾನಕ್ಕೆ ಪೂರ್ತಿ ಅರ್ಥವಾಗಲು ನೂರೈವತ್ತು ವರ್ಷಗಳಿಗೂ ಹೆಚ್ಚು ಬೇಕಾಯಿತು. ಆ ಹಾದಿಯನ್ನು ಒಮ್ಮೆ ಹಿಂತಿರುಗಿ ನೋಡೋಣ.

ಕಲ್ಕತ್ತದ ರಸಾಯನಶಾಸ್ತ್ರಜ್ಞ

ಆ ವೈದ್ಯರ ಹೆಸರು ವಿಲಿಯಂ ಬ್ರೂಕ್ ಓಶಾನೆಸ್ಸಿ. ಐರ್ಲೆಂಡಿನ ಲಿಮರಿಕ್‌ನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಕಲಿತವರು. ಕಾಲರಾ ರೋಗಿಗಳ ರಕ್ತದಲ್ಲಿ ನೀರು ಮತ್ತು ಲವಣಗಳು ಕಡಿಮೆಯಾಗುತ್ತವೆ ಎಂದು ತೋರಿಸಿದಾಗ ಅವರಿಗೆ ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇವೆಗೆ ಸೇರಿ ಭಾರತಕ್ಕೆ ಬಂದರು. 1835ರಲ್ಲಿ ಆರಂಭವಾದ ಕಲ್ಕತ್ತ ವೈದ್ಯಕೀಯ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. ಮುಂದೆ 1850ರ ದಶಕದಲ್ಲಿ ಭಾರತದ ಉದ್ದಗಲಕ್ಕೆ ತಂತಿ ಎಳೆಸಿ ಟೆಲಿಗ್ರಾಫ್ ವ್ಯವಸ್ಥೆ ಕಟ್ಟಿದವರೂ ಇವರೇ.

ಗಾಂಜಾ, ಚರಸ್, ಭಂಗಿಗಳು ಈ ದೇಶಕ್ಕೆ ಹೊಸವಲ್ಲ. ನಮ್ಮ ವೈದ್ಯಪದ್ಧತಿಗಳಲ್ಲಿ ಅವುಗಳ ಬಳಕೆಯಿತ್ತು. ಓಶಾನೆಸ್ಸಿ ಪಂಡಿತರನ್ನೂ ಹಕೀಮರನ್ನೂ ವಿಚಾರಿಸಿದರು, ಸಂಸ್ಕೃತ, ಪಾರ್ಸಿ ಮತ್ತು ಅರಬ್ಬಿ ಗ್ರಂಥಗಳಲ್ಲಿ ಇದ್ದುದನ್ನು ಕಲೆಹಾಕಿದರು. ಆದರೆ ಅಷ್ಟಕ್ಕೇ ನಿಲ್ಲಲಿಲ್ಲ. ಮೊದಲು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿದರು. ನಂತರ ಸ್ವಇಚ್ಛೆಯಿಂದ ಮುಂದೆ ಬಂದ ವಿದ್ಯಾರ್ಥಿಗಳಿಗೆ ಕೊಟ್ಟು ನೋಡಿದರು. ಹತ್ತು ಹನಿ ಟಿಂಚರ್ ಕುಡಿದ ಒಬ್ಬ ಮಿತಭಾಷಿ ವಿದ್ಯಾರ್ಥಿ ತಾನೊಬ್ಬ ರಾಜನೆಂದು ಭಾವಿಸಿ ಗತ್ತಿನಿಂದ ಆಜ್ಞೆಗಳನ್ನು ಕೊಡತೊಡಗಿದನಂತೆ. ಆಮೇಲೆ ಸಂಧಿವಾತ, ಧನುರ್ವಾಯು, ಕಾಲರಾ, ಹುಚ್ಚುನಾಯಿ ಕಡಿತದ ರೋಗ ಮುಂತಾದವುಗಳಲ್ಲಿ ಬಳಸಿ, ಫಲವನ್ನು ಬರೆದಿಟ್ಟರು. 1839ರಲ್ಲಿ ಈ ಕುರಿತ ಪ್ರಬಂಧ ಬೆಳಕು ಕಂಡಿತು.

ಕೂಸಿನ ಕಥೆಗೆ ಮರಳೋಣ. ಹೊಸ ಟಿಂಚರ್ ತಯಾರಿಸಿ ಕೊಟ್ಟಾಗ ಸೆಳವಿನ ಬಿರುಸು ತಗ್ಗಿತೇ ಹೊರತು ನಿಲ್ಲಲಿಲ್ಲ. ಅಕ್ಟೋಬರ್ 7ರಂದು ಮತ್ತೊಬ್ಬ ವೈದ್ಯರೊಡನೆ ಸಮಾಲೋಚಿಸಿ, ಗಾಂಜಾ ನಿಲ್ಲಿಸಿ, ಹರಳೆಣ್ಣೆ ಮತ್ತು ಟರ್ಪೆಂಟೈನ್ ಕೊಟ್ಟರು. ಕೂಸಿನ ಸ್ಥಿತಿ ಬೇಗನೆ ಹದಗೆಟ್ಟಿತು. ಮಧ್ಯಾಹ್ನ ಎರಡರಿಂದ ಸಂಜೆ ಆರೂವರೆಯವರೆಗೆ ಮೈ ಸೆಟೆದೇ ಇತ್ತು. ಆಗ ಒಮ್ಮೆಲೇ ಮೂವತ್ತು ಹನಿ ಕೊಟ್ಟರು. ಕೈಕಾಲು ಸಡಿಲಗೊಂಡವು. ಕೂಸು ಹದಿಮೂರು ಗಂಟೆ ನಿದ್ರಿಸಿತು. ಮರುದಿನ ಮತ್ತೆ ಇಪ್ಪತ್ತೈದು ಬಾರಿ ಸೆಳವು, ಒಟ್ಟು 130 ಹನಿ ಔಷಧ. ಆ ರಾತ್ರಿ ಹತ್ತರ ನಂತರ ಸೆಳವು ಬರಲಿಲ್ಲ. ಡಿಸೆಂಬರ್ 17ರಂದು ವೈದ್ಯರು ವರದಿ ಬರೆಯುವಾಗ ಕೂಸು ದುಂಡುದುಂಡಗೆ ಆರೋಗ್ಯವಾಗಿತ್ತು.

ಪ್ರಮಾಣವನ್ನು ನೀವೇ ಲೆಕ್ಕ ಹಾಕಿ. ಒಂದು ಹನಿಯಲ್ಲಿ ಒಂದು ಗ್ರೇನಿನ ಇಪ್ಪತ್ತನೆಯ ಒಂದು ಭಾಗದಷ್ಟು ರಾಳವಿತ್ತು. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ಮೊದಲ ರಾತ್ರಿ ನಿದ್ದೆ ಬರಿಸಿದ್ದು ಸುಮಾರು 10 ಮಿಲಿಗ್ರಾಂ ರಾಳ, ಕೊನೆಯ ದಿನ ಬೇಕಾದದ್ದು 420 ಮಿಲಿಗ್ರಾಂನಷ್ಟು. ದೇಹ ಒಂದೇ, ಔಷಧ ಒಂದೇ, ಅಂತರ ಎಂಟು ದಿನ. ಆದರೂ ಪ್ರಮಾಣ ನಲವತ್ತು ಪಟ್ಟಿಗೂ ಹೆಚ್ಚಾಗಿತ್ತು. ಈ ವಿಚಿತ್ರ ಓಶಾನೆಸ್ಸಿಯವರ ಕಣ್ಣಿಗೂ ಬಿದ್ದಿತ್ತು.

ಹಾಗಾದರೆ ಕೂಸು ಗುಣವಾದದ್ದು ಗಾಂಜಾದಿಂದಲೇ? ಹಾಗೆಂದು ಖಚಿತವಾಗಿ ಹೇಳಲಾಗದು. ಎಳೆಗೂಸುಗಳ ಸೆಳವು ಕೆಲವೊಮ್ಮೆ ತಾನಾಗಿಯೇ ನಿಲ್ಲುತ್ತದೆ. ಈ ಕೂಸಿನ ದೇಹಕ್ಕೆ ಅಫೀಮು, ಪಾದರಸ, ಟರ್ಪೆಂಟೈನ್‌ಗಳೂ ಹೋಗಿದ್ದವು. ಯಾವುದು ಯಾವುದರೊಡನೆ ಸೇರಿ ಏನು ಮಾಡಿತೆಂದು ಬಿಡಿಸಿ ಹೇಳುವ ಉಪಾಯ ಆಗ ಇರಲಿಲ್ಲ.

ಬ್ರೋಮೈಡಿನ ಕಾಲ

1841ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದ ಓಶಾನೆಸ್ಸಿ ಗಾಂಜಾವನ್ನೂ ಒಯ್ದರು. ಲಂಡನ್ನಿನ ಔಷಧ ತಯಾರಕ ಪೀಟರ್ ಸ್ಕ್ವೈರ್ ಅದರಿಂದ ಸಾರ ತೆಗೆದು ಮಾರಾಟಕ್ಕೆ ತಂದರು. ಯೂರೋಪು ಮತ್ತು ಅಮೆರಿಕದ ವೈದ್ಯರು ಅದನ್ನು ನಾನಾ ರೋಗಗಳಿಗೆ ಬಳಸತೊಡಗಿದರು.

1857ರಲ್ಲಿ ಚಾರ್ಲ್ಸ್ ಲೊಕಾಕ್ ಮೂರ್ಛೆರೋಗಕ್ಕೆ ಪೊಟ್ಯಾಸಿಯಂ ಬ್ರೋಮೈಡ್ ಉಪಯುಕ್ತವೆಂದು ಹೇಳಿದ ಮೇಲೆ ಅದೇ ಮುಖ್ಯ ಔಷಧವಾಯಿತು. ಗಾಂಜಾ ಎರಡನೆಯ ಸಾಲಿಗೆ ಸರಿಯಿತು. ನರರೋಗಶಾಸ್ತ್ರದ ಹಿರಿಯರಲ್ಲಿ ಒಬ್ಬರಾದ ವಿಲಿಯಂ ಗೋವರ್ಸ್ 1881ರಲ್ಲಿ ಮೂರ್ಛೆರೋಗದ ಬಗೆಗೆ ಬರೆದ ಗ್ರಂಥದಲ್ಲಿ ಒಂದು ಕುತೂಹಲಕರ ಮಾತಿದೆ. ಬ್ರೋಮೈಡಿನ ಜೊತೆಗೆ ಕೊಟ್ಟಾಗ ಗಾಂಜಾದಿಂದ ಹೆಚ್ಚಿನ ಲಾಭವಿಲ್ಲ, ಬೇರೆಯಾಗಿ ಕೊಟ್ಟಾಗ ಕೆಲವರಿಗೆ ಪ್ರಯೋಜನವಾಗುತ್ತದೆ ಎಂಬುದು ಅವರ ಅನುಭವ. ಬ್ರೋಮೈಡಿನಿಂದ ಗುಣ ಕಾಣದ ನಲವತ್ತು ವರ್ಷದ ಒಬ್ಬ ರೋಗಿಗೆ ಗಾಂಜಾದ ಸಾರ ಕೊಟ್ಟಾಗ ಸೆಳವು ನಿಂತಿತು. ಆರು ತಿಂಗಳ ನಂತರ ಔಷಧ ಬಿಟ್ಟಾಗ ಮರಳಿತು, ಮತ್ತೆ ಕೊಟ್ಟಾಗ ನಿಂತಿತು. ಎರಡು ಔಷಧಗಳನ್ನು ಕೂಡಿಸಿದರೆ ಫಲವೂ ಕೂಡಿಕೊಳ್ಳಬೇಕೆಂದಿಲ್ಲ ಎಂಬ ಎಚ್ಚರ ಇಲ್ಲಿ ಇಣುಕುತ್ತದೆ.

1890ರಲ್ಲಿ ರಸೆಲ್ ರೆನಾಲ್ಡ್ಸ್ ಎಂಬ ವೈದ್ಯರು ಮೂವತ್ತು ವರ್ಷಗಳ ತಮ್ಮ ಅನುಭವವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದರು. ಈ ಗಿಡದ ಸಾರದ ಶಕ್ತಿ ಒಂದು ಸಲದಂತೆ ಇನ್ನೊಂದು ಸಲ ಇರುವುದಿಲ್ಲ, ಆದ್ದರಿಂದ ಕನಿಷ್ಠ ಪ್ರಮಾಣದಿಂದ ಆರಂಭಿಸಿ ನಿಧಾನವಾಗಿ ಏರಿಸಬೇಕು ಎಂಬುದು ಅವರ ಸಲಹೆ. ಕಾಗದದ ಬಿರಡೆ ಇಲ್ಲದಿದ್ದರೂ ಶೀಸೆಯಲ್ಲಿ ಏನಿದೆಯೆಂಬುದು ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ ಎಂದಾಯಿತು.

ಮುಂದೆ 1912ರಲ್ಲಿ ಫೀನೊಬಾರ್ಬಿಟಾಲ್, 1938ರಲ್ಲಿ ಫೀನಿಟಾಯಿನ್ ಮೂರ್ಛೆರೋಗದ ಚಿಕಿತ್ಸೆಗೆ ಬಂದವು. ಇವು ಶುದ್ಧ ರಾಸಾಯನಿಕಗಳು. ಮಾತ್ರೆಯಲ್ಲಿ ಎಷ್ಟು ಮಿಲಿಗ್ರಾಂ ಇದೆಯೆಂದು ನಿಖರವಾಗಿ ಹೇಳಬಹುದು. ಅಳೆಯಲಾಗದ ಗಾಂಜಾದ ಸಾರ ಇವುಗಳೆದುರು ನಿಲ್ಲಲಿಲ್ಲ. ಕಾನೂನಿನ ನಿರ್ಬಂಧಗಳೂ ಬಿಗಿಯಾದವು. 1942ರಲ್ಲಿ ಅಮೆರಿಕದ ಅಧಿಕೃತ ಔಷಧಕೋಶ ಅದನ್ನು ಕೈಬಿಟ್ಟಿತು.

ಒಂದೇ ಸೂತ್ರ, ಎರಡು ಗುಣ

ವೈದ್ಯರು ಕೈಬಿಡುತ್ತಿದ್ದ ಹೊತ್ತಿಗೆ ರಸಾಯನಶಾಸ್ತ್ರಜ್ಞರು ಗಿಡವನ್ನು ಕೈಗೆತ್ತಿಕೊಂಡಿದ್ದರು. 1940ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ ಮತ್ತು ಸಂಗಡಿಗರು ಕ್ಯಾನಬಿಡಿಯಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಇದನ್ನು ಚಿಕ್ಕದಾಗಿ ಸಿಬಿಡಿ ಎನ್ನುತ್ತಾರೆ. ಅದರ ಸರಿಯಾದ ರಚನೆಯನ್ನು 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಶೂಲಮ್ ಮತ್ತು ಶ್ವೊ ಬಿಡಿಸಿದರು. ಮರುವರ್ಷ ಮೆಶೂಲಮ್ ಮತ್ತು ಗಾವೊನಿ ಅಮಲು ಬರಿಸುವ ಮುಖ್ಯ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ಅದರ ರಚನೆಯನ್ನು ತಿಳಿಸಿದರು. ಅದೇ ಟೆಟ್ರಾಹೈಡ್ರೋಕ್ಯಾನಬಿನಾಲ್, ಚಿಕ್ಕದಾಗಿ ಟಿಎಚ್‌ಸಿ.

ಈ ಎರಡರ ಅಣುಸೂತ್ರವೂ ಒಂದೇ. 21 ಇಂಗಾಲ, 30 ಜಲಜನಕ, 2 ಆಮ್ಲಜನಕ ಪರಮಾಣುಗಳು. ಸಮಾಂಗಿಗಳಿಗೆ ಇದೊಂದು ಒಳ್ಳೆಯ ಉದಾಹರಣೆ. ಟಿಎಚ್‌ಸಿಯಲ್ಲಿ ಒಂದು ಆಮ್ಲಜನಕ ಉಂಗುರದೊಳಗೆ ಸೇರಿಕೊಂಡಿದೆ. ಸಿಬಿಡಿಯಲ್ಲಿ ಆ ಉಂಗುರ ತೆರೆದುಕೊಂಡು ಎರಡು ಹೈಡ್ರಾಕ್ಸಿಲ್ ಗುಂಪುಗಳಿವೆ. ಇಷ್ಟೇ ವ್ಯತ್ಯಾಸದಿಂದ ಗುಣ ಬದಲಾಗುತ್ತದೆ. ಟಿಎಚ್‌ಸಿ ಅಮಲು ತರುತ್ತದೆ, ಸಿಬಿಡಿ ತರುವುದಿಲ್ಲ. ಟಿಎಚ್‌ಸಿ ಕೆಲವು ಪ್ರಯೋಗಗಳಲ್ಲಿ ಸೆಳವನ್ನು ತಗ್ಗಿಸಿದರೆ ಕೆಲವು ಪ್ರಯೋಗಗಳಲ್ಲಿ ಕೆರಳಿಸಿದೆ. ಆದ್ದರಿಂದ ಮೂರ್ಛೆರೋಗದ ಮಟ್ಟಿಗೆ ಎಲ್ಲರ ಕಣ್ಣು ಸಿಬಿಡಿಯ ಮೇಲೆ ನೆಟ್ಟಿತು.

ಹೆಚ್ಚು ಹೊತ್ತು ನಿದ್ರಿಸಿದ ಇಲಿಗಳು

1972ರಲ್ಲಿ ಆಕ್ಸ್‌ಫರ್ಡಿನ ವಿಲಿಯಂ ಪೇಟನ್ ಮತ್ತು ರೋಜರ್ ಪರ್ಟ್ವೀ ಒಂದು ಸರಳ ಪ್ರಯೋಗದ ವಿವರ ಪ್ರಕಟಿಸಿದರು. ಪೆಂಟೊಬಾರ್ಬಿಟೋನ್ ಎಂಬ ನಿದ್ದೆಯ ಔಷಧ ಕೊಟ್ಟ ಇಲಿಗಳು ಇಷ್ಟು ಹೊತ್ತು ನಿದ್ರಿಸುತ್ತವೆ ಎಂಬ ಲೆಕ್ಕವಿದೆ. ಮೊದಲೇ ಗಾಂಜಾದ ಸಾರ ಅಥವಾ ಸಿಬಿಡಿ ಕೊಟ್ಟಿದ್ದರೆ ಇಲಿಗಳು ಅದಕ್ಕಿಂತ ಹೆಚ್ಚು ಹೊತ್ತು ನಿದ್ರಿಸಿದವು. ಸಿಬಿಡಿ ತಾನೇ ನಿದ್ದೆ ತರಿಸಿತೆ? ವಿಷಯ ಅಷ್ಟು ಸರಳವಾಗಿರಲಿಲ್ಲ. ಯಕೃತ್ತಿನಲ್ಲಿ ಔಷಧವನ್ನು ಒಡೆಯುವ ಕಿಣ್ವಗಳ ಕೆಲಸಕ್ಕೆ ಸಿಬಿಡಿ ತಡೆಯೊಡ್ಡುತ್ತಿತ್ತು. ನಿದ್ದೆಯ ಔಷಧ ದೇಹದಿಂದ ತೊಲಗದೆ ಉಳಿಯುತ್ತಿತ್ತು.

ಈ ಕಿಣ್ವಗಳ ಕುಟುಂಬಕ್ಕೆ ಸೈಟೋಕ್ರೋಮ್ ಪಿ450 ಎಂದು ಹೆಸರು. ಇಂಗಾಲದ ಮಾನಾಕ್ಸೈಡ್ ಜೊತೆ ಸೇರಿದಾಗ ಇದು 450 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಹೆಸರಿನಲ್ಲಿ ಆ ಅಂಕಿ ಬಂದದ್ದು ಹೀಗೆ. ಈ ಕುಟುಂಬದ ಸದಸ್ಯರಿಗೆ 3ಎ4, 2ಸಿ19 ಮುಂತಾದ ಗುರುತುಗಳಿವೆ. ನಾವು ನುಂಗುವ ಮಾತ್ರೆಗಳಲ್ಲಿ ಹೆಚ್ಚಿನವು ಇವುಗಳ ಕೈಯಲ್ಲಿ ರೂಪಾಂತರಗೊಂಡು ದೇಹದಿಂದ ಹೊರಬೀಳುತ್ತವೆ.

ಇದನ್ನು ಅರಿಯಲು ಗಣಿತದ ಪುಸ್ತಕದ ತೊಟ್ಟಿಯನ್ನು ನೆನೆಯಿರಿ. ನಲ್ಲಿಯಿಂದ ಗಂಟೆಗೆ 6 ಲೀಟರ್ ನೀರು ಒಳಬರುತ್ತಿದೆ. ತೊಟ್ಟಿಯಲ್ಲಿರುವ ನೀರಿನ ಶೇಕಡಾ 12 ಭಾಗ ಪ್ರತಿ ಗಂಟೆಗೆ ಹೊರಹೋಗುತ್ತಿದೆ. ಮಟ್ಟ ಎಲ್ಲಿ ನಿಲ್ಲುತ್ತದೆ? 50 ಲೀಟರಿಗೆ. ಏಕೆಂದರೆ ಐವತ್ತರ ಶೇಕಡಾ 12 ಎಂದರೆ 6. ಈಗ ಹೊರಕಿಂಡಿಗೆ ಕಸ ಸಿಕ್ಕಿಕೊಂಡು ಶೇಕಡಾ 4 ಮಾತ್ರ ಹೊರಹೋಗುತ್ತದೆ ಎಂದಿಟ್ಟುಕೊಳ್ಳಿ. ನಲ್ಲಿಯನ್ನು ಯಾರೂ ಮುಟ್ಟಿಲ್ಲ. ಆದರೂ ಮಟ್ಟ ಏರುತ್ತ ಹೋಗಿ 150 ಲೀಟರಿಗೆ ನಿಲ್ಲುತ್ತದೆ. ರೋಗಿ ದಿನಾ ಅದೇ ಮಾತ್ರೆ, ಅದೇ ಹೊತ್ತಿಗೆ ನುಂಗುತ್ತಿದ್ದಾನೆ. ಆದರೆ ರಕ್ತದಲ್ಲಿ ಔಷಧ ಮೂರು ಪಟ್ಟಾಗಿದೆ! ಒಂದು ಔಷಧಕ್ಕೆ ಇನ್ನೊಂದು ಸೇರಿದಾಗ ಆಗಬಹುದಾದ ಅಪಾಯದ ತಿರುಳು ಇದು.

ಕಿಂಡಿ ಹಿಗ್ಗುವುದೂ ಉಂಟು. ಫೀನಿಟಾಯಿನ್, ಕಾರ್ಬಮಜೆಪೀನ್‌ಗಳು ಕೆಲವು ಕಿಣ್ವಗಳ ಉತ್ಪಾದನೆಯನ್ನೇ ಹೆಚ್ಚಿಸುತ್ತವೆ. ಆಗ ಸಿಬಿಡಿಯ ಮಟ್ಟ ಇಳಿಯಬಹುದು.

ಬಾಸ್ಟನ್ನಿನ ಹದಿಮೂರು ಮಕ್ಕಳು

1980ರಲ್ಲಿ ಬ್ರೆಜಿಲ್‌ನ ಎಲಿಸಾಲ್ಡೊ ಕಾರ್ಲಿನಿ ಅವರ ಗುಂಪು ಮೆಶೂಲಮ್ ಅವರ ಜೊತೆ ಸೇರಿ 15 ಮೂರ್ಛೆರೋಗಿಗಳ ಪರೀಕ್ಷೆಯನ್ನು ಪ್ರಕಟಿಸಿತು. ಎಲ್ಲರೂ ತಮ್ಮ ಮಾಮೂಲಿ ಔಷಧಗಳನ್ನು ಮುಂದುವರಿಸಿದ್ದರು. ಸಿಬಿಡಿ ಪಡೆದ ಎಂಟು ಮಂದಿಯಲ್ಲಿ ನಾಲ್ವರು ಬಹುತೇಕ ಸೆಳವಿನಿಂದ ಮುಕ್ತರಾದರು, ಮೂವರು ಭಾಗಶಃ ಸುಧಾರಿಸಿದರು. ಹುಸಿಗುಳಿಗೆ ಪಡೆದ ಏಳು ಮಂದಿಯಲ್ಲಿ ಸುಧಾರಿಸಿದ್ದು ಒಬ್ಬರೇ. ಆಸೆ ಹುಟ್ಟಿಸುವ ಫಲಿತಾಂಶ. ಆದರೆ ಸಂಖ್ಯೆ ಸಣ್ಣದು. ಉಳಿದ ಔಷಧಗಳ ಮಟ್ಟ ಏನಾಯಿತೆಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಮೂರು ದಶಕ ಹಿಡಿಯಿತು.

2013ರಲ್ಲಿ ಅಮೆರಿಕದ ಕೊಲರಾಡೋ ರಾಜ್ಯದ ಒಬ್ಬ ಪುಟ್ಟ ಬಾಲಕಿಯ ಕಥೆ ದೂರದರ್ಶನದಲ್ಲಿ ಬಂತು. ಡ್ರವೆ ಲಕ್ಷಣಕೂಟ ಎಂಬ ತೀವ್ರ ಮೂರ್ಛೆರೋಗವಿದ್ದ ಆಕೆಗೆ ಸಿಬಿಡಿ ಹೆಚ್ಚಿರುವ ಗಿಡದ ಎಣ್ಣೆಯಿಂದ ಸೆಳವು ಬಹಳ ಕಡಿಮೆಯಾಗಿತ್ತು. ಯಾವ ಔಷಧಕ್ಕೂ ಬಗ್ಗದ ರೋಗದ ಮಕ್ಕಳನ್ನು ಕಟ್ಟಿಕೊಂಡು ಹೆಣಗುತ್ತಿದ್ದ ತಂದೆತಾಯಿಗಳು ಎಣ್ಣೆಯ ಶೀಸೆಗಾಗಿ ಮುಗಿಬಿದ್ದರು. ಅವರನ್ನು ಹಳಿಯುವಂತಿಲ್ಲ. ಕಲ್ಕತ್ತದ ಆ ತಂದೆತಾಯಿಯೂ ಇದೇ ಸ್ಥಿತಿಯಲ್ಲಿ ತಾನೆ ಒಪ್ಪಿಗೆ ಕೊಟ್ಟದ್ದು?

ಈ ನಡುವೆ ಬಾಸ್ಟನ್ನಿನ ಮ್ಯಾಸಚುಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯರು ಶುದ್ಧ ಸಿಬಿಡಿ ಪಡೆಯುತ್ತಿದ್ದ ಮಕ್ಕಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ಅವರಲ್ಲಿ 13 ಮಕ್ಕಳು ಕ್ಲೋಬಜಾಮ್ ಎಂಬ ಔಷಧವನ್ನೂ ತೆಗೆದುಕೊಳ್ಳುತ್ತಿದ್ದರು. ನಮ್ಮ ದೇಶದಲ್ಲೂ ಮೂರ್ಛೆರೋಗಕ್ಕೆ ಸಾಕಷ್ಟು ಬಳಕೆಯಲ್ಲಿರುವ ಔಷಧ ಇದು. ಯಕೃತ್ತಿನಲ್ಲಿ ಕ್ಲೋಬಜಾಮ್ ಮೊದಲು ನಾರ್‌ಕ್ಲೋಬಜಾಮ್ ಆಗುತ್ತದೆ. ಇದೂ ಮಿದುಳಿನ ಮೇಲೆ ಪ್ರಭಾವ ಬೀರುವ ವಸ್ತುವೇ. ಮುಂದೆ ಇದನ್ನು ತೊಲಗಿಸುವುದು 2ಸಿ19 ಕಿಣ್ವ. ಸಿಬಿಡಿ ತಡೆಯುವುದು ಇದೇ ಕಿಣ್ವವನ್ನು!

2015ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಸಿಬಿಡಿ ಆರಂಭಿಸಿ ನಾಲ್ಕು ವಾರವಾದಾಗ ನಾರ್‌ಕ್ಲೋಬಜಾಮ್ ಮಟ್ಟ ಸರಾಸರಿ ಶೇಕಡಾ 500ರಷ್ಟು ಏರಿತ್ತು. ಹತ್ತು ಮಕ್ಕಳಲ್ಲಿ ಮಂಪರು ಮುಂತಾದ ಅಡ್ಡ ಪರಿಣಾಮಗಳು ಕಾಣಿಸಿಕೊಂಡವು. ವೈದ್ಯರು ಕ್ಲೋಬಜಾಮ್ ಪ್ರಮಾಣ ತಗ್ಗಿಸಿದಾಗ ಅವು ಇಳಿದವು. ಇಲಿಗಳು ನಲವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಹೇಳಿದ್ದನ್ನು ಮಕ್ಕಳ ರಕ್ತ ಮತ್ತೆ ಹೇಳಿತು.

2ಸಿ19 ಕಿಣ್ವ ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲ. ಹುಟ್ಟಿನಿಂದಲೇ ಈ ಕಿಣ್ವ ದುರ್ಬಲವಾಗಿರುವವರ ಪ್ರಮಾಣ ಯೂರೋಪಿಯನ್ನರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಅಂಥವರ ತೊಟ್ಟಿಯ ಕಿಂಡಿ ಮೊದಲೇ ಕಿರಿದು.

ಅಳೆದಾಗ ಕಂಡದ್ದು

2017ರಲ್ಲಿ ಡ್ರವೆ ಲಕ್ಷಣಕೂಟದ 120 ಮಕ್ಕಳು ಮತ್ತು ತರುಣರ ಮೇಲೆ ನಡೆದ ಪರೀಕ್ಷೆಯ ವಿವರ ಪ್ರಕಟವಾಯಿತು. ಯಾರಿಗೆ ಸಿಬಿಡಿ, ಯಾರಿಗೆ ಹುಸಿ ದ್ರಾವಣ ಎಂಬುದು ರೋಗಿಗೂ ವೈದ್ಯರಿಗೂ ತಿಳಿಯದಂತೆ ಪರೀಕ್ಷೆ ನಡೆದಿತ್ತು. ಸಿಬಿಡಿ ಗುಂಪಿನಲ್ಲಿ ತಿಂಗಳ ಸೆಳವಿನ ಮಧ್ಯಾಂಕ 12.4ರಿಂದ 5.9ಕ್ಕೆ ಇಳಿಯಿತು. ಹುಸಿ ದ್ರಾವಣದ ಗುಂಪಿನಲ್ಲಿ 14.9ರಿಂದ 14.1ಕ್ಕೆ. ಸೆಳವು ಅರ್ಧಕ್ಕಿಂತ ಕಡಿಮೆಯಾದವರು ಸಿಬಿಡಿ ಗುಂಪಿನಲ್ಲಿ ಶೇಕಡಾ 43, ಹುಸಿ ದ್ರಾವಣದ ಗುಂಪಿನಲ್ಲಿ ಶೇಕಡಾ 27.

ಈ ಕೊನೆಯ ಅಂಕಿಯನ್ನು ವಿದ್ಯಾರ್ಥಿಗಳು ಎರಡು ಬಾರಿ ಓದಬೇಕು. ಔಷಧವೇ ಇಲ್ಲದ ದ್ರಾವಣ ಕುಡಿದವರಲ್ಲಿ ಕಾಲು ಭಾಗಕ್ಕೂ ಹೆಚ್ಚು ಮಂದಿಯಲ್ಲಿ ಸೆಳವು ಅರ್ಧಕ್ಕೆ ಇಳಿದಿತ್ತು! ರೋಗ ತಾನಾಗಿ ಏರಿಳಿಯುತ್ತದೆ, ನಿರೀಕ್ಷೆಯೂ ಕೆಲಸ ಮಾಡುತ್ತದೆ. ಹಾಗಾಗಿ ಪಕ್ಕದ ಮನೆಯವರ ಅನುಭವವೊಂದನ್ನೇ ನಂಬಿ ನಿರ್ಧರಿಸಲಾಗದು. ಹಾಗೆಯೇ ಎರಡು ಗುಂಪುಗಳ ನಡುವಿನ ಅಂತರವನ್ನೂ ಅಲ್ಲಗಳೆಯುವಂತಿಲ್ಲ. ಸಿಬಿಡಿ ಕೆಲವು ಬಗೆಯ ಮೂರ್ಛೆರೋಗಗಳಲ್ಲಿ ನಿಜಕ್ಕೂ ಔಷಧವೆಂದು ಸಿದ್ಧವಾಯಿತು.

ಅಪಾಯಗಳೂ ಅದೇ ಪರೀಕ್ಷೆಯಲ್ಲಿ ಅಳತೆಗೆ ಸಿಕ್ಕವು. ಸಿಬಿಡಿ ಗುಂಪಿನ ಶೇಕಡಾ 36 ಮಂದಿಗೆ ಮಂಪರು ಇತ್ತು, ಇನ್ನೊಂದು ಗುಂಪಿನಲ್ಲಿ ಶೇಕಡಾ 10. ಮಂಪರಾದವರಲ್ಲಿ ಹೆಚ್ಚಿನವರು ಕ್ಲೋಬಜಾಮ್ ಸೇವಿಸುತ್ತಿದ್ದವರು. ಕೆಲವರ ರಕ್ತದಲ್ಲಿ ಯಕೃತ್ತಿನ ಕಿಣ್ವಗಳು ಮಿತಿಮೀರಿ ಏರಿದವು. ಯಕೃತ್ತಿಗೆ ಘಾಸಿಯಾಗುತ್ತಿದೆ ಎಂಬುದರ ಸೂಚನೆ ಅದು. ಅವರೆಲ್ಲ ವಾಲ್ಪ್ರೋಯೇಟ್ ಎಂಬ ಮತ್ತೊಂದು ಮಾಮೂಲಿ ಔಷಧವನ್ನು ಸೇವಿಸುತ್ತಿದ್ದವರು.

2018ರ ಜೂನ್ 25ರಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಶುದ್ಧ ಸಿಬಿಡಿ ದ್ರಾವಣವನ್ನು ಎರಡು ಬಗೆಯ ಮೂರ್ಛೆರೋಗಗಳಿಗೆ ಮಂಜೂರು ಮಾಡಿತು. ಒಂದು ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಸಿಬಿಡಿ. ಕರಗಿಸಿದ್ದು ಎಳ್ಳೆಣ್ಣೆಯಲ್ಲಿ, ಏಕೆಂದರೆ ನೀರಿನಲ್ಲಿ ಅದು ಕರಗದು. ಕೊಬ್ಬು ಹೆಚ್ಚಿರುವ ಊಟದೊಡನೆ ಸೇವಿಸಿದರೆ ರಕ್ತಕ್ಕೆ ಸೇರುವ ಪ್ರಮಾಣ ನಾಲ್ಕೈದು ಪಟ್ಟು ಹೆಚ್ಚುತ್ತದೆ. ಆದ್ದರಿಂದ ಊಟದೊಡನೆ ಸೇವಿಸುವವರು ಯಾವಾಗಲೂ ಹಾಗೆಯೇ ಸೇವಿಸಬೇಕು. ಆರಂಭಕ್ಕೆ ಮೊದಲು ಮತ್ತು ಒಂದು, ಮೂರು, ಆರು ತಿಂಗಳಿಗೆ ಯಕೃತ್ತಿನ ಪರೀಕ್ಷೆ ಮಾಡಿಸಬೇಕು. ನಿಲ್ಲಿಸುವಾಗಲೂ ಥಟ್ಟನೆ ನಿಲ್ಲಿಸದೆ ಹಂತಹಂತವಾಗಿ ಇಳಿಸಬೇಕು.

2019ರಲ್ಲಿ ಯೂರೋಪ್ ಇದೇ ಔಷಧವನ್ನು ಅವೇ ಎರಡು ರೋಗಗಳಿಗೆ ಒಪ್ಪಿಕೊಂಡಿತು. ಆದರೆ ಕ್ಲೋಬಜಾಮ್ ಜೊತೆಗೇ ಕೊಡಬೇಕೆಂಬ ಷರತ್ತು ಹಾಕಿತು. ಇದು ವಿರೋಧಾಭಾಸದಂತೆ ಕಾಣಬಹುದು. ಯಾವ ಜೋಡಿ ಮಕ್ಕಳನ್ನು ಮಂಪರಿಗೆ ದೂಡಿತ್ತೋ ಅದೇ ಜೋಡಿ ಈಗ ಚಿಕಿತ್ಸೆ! ಆದರೆ ಇಲ್ಲಿ ವೈದ್ಯರಿಗೆ ಎರಡೂ ಔಷಧಗಳ ವಿಷಯ ಗೊತ್ತಿದೆ. ಮಟ್ಟ ಏರುತ್ತದೆಂದು ತಿಳಿದಿರುವುದರಿಂದ ಮಾತ್ರೆಯನ್ನು ತಗ್ಗಿಸಬಹುದು. ಗೊತ್ತಿದ್ದು ಅಳೆದಾಗ ಔಷಧವಾಗುವ ಜೋಡಿ, ವೈದ್ಯರಿಗೆ ತಿಳಿಸದೆ ಬೆರೆಸಿದಾಗ ಅಪಾಯವಾಗುತ್ತದೆ.

ಮತ್ತೆ ಆ ಶೀಸೆ

ಇನ್ನು ಮೊದಲ ಪ್ರಶ್ನೆ. ಅಂಗಡಿಯ ಶೀಸೆಯಲ್ಲಿ ನಿಜವಾಗಿ ಏನಿದೆ? 2017ರಲ್ಲಿ ಅಮೆರಿಕದ ಸಂಶೋಧಕರು ಅಂತರಜಾಲದಲ್ಲಿ ಮಾರಾಟವಾಗುತ್ತಿದ್ದ, 31 ಕಂಪನಿಗಳ 84 ಸಿಬಿಡಿ ಉತ್ಪನ್ನಗಳನ್ನು ಪರೀಕ್ಷಿಸಿದರು. ಚೀಟಿಯಲ್ಲಿ ಬರೆದಷ್ಟೇ ಸಿಬಿಡಿ ಇದ್ದದ್ದು ಶೇಕಡಾ 31ರಷ್ಟರಲ್ಲಿ ಮಾತ್ರ. ಉಳಿದವುಗಳಲ್ಲಿ ಹೆಚ್ಚೋ ಕಡಿಮೆಯೋ ಇತ್ತು. 18 ಉತ್ಪನ್ನಗಳಲ್ಲಿ ಟಿಎಚ್‌ಸಿಯೂ ಸಿಕ್ಕಿತು. ಗಾಜಿನ ಶೀಸೆ, ಭದ್ರವಾದ ಮುಚ್ಚಳ, ಬಣ್ಣದ ಚೀಟಿ ಎಲ್ಲವೂ ಇದ್ದು, ಒಳಗಿನ ಸ್ಥಿತಿ ಮಾತ್ರ ಕಾಗದದ ಬಿರಡೆಯ ಶೀಸೆಯಂತೆಯೇ.

ನಮ್ಮ ದೇಶದ 1985ರ ಮಾದಕ ವಸ್ತುಗಳ ಕಾಯಿದೆಯಲ್ಲಿ ಗಾಂಜಾ ಎಂದರೆ ಗಿಡದ ಹೂ ತುದಿಗಳು, ಚರಸ್ ಎಂದರೆ ಅದರ ರಾಳ. ಹೂವಿನ ತುದಿಯಿಂದ ಬೇರ್ಪಟ್ಟ ಎಲೆ ಮತ್ತು ಬೀಜ ಆ ವ್ಯಾಖ್ಯೆಯಿಂದ ಹೊರಗಿವೆ. ಹೀಗಾಗಿ ಎಲೆಯಿಂದ ತಯಾರಿಸಿದ ಎಣ್ಣೆ, ಗುಳಿಗೆಗಳು ಆಯುರ್ವೇದ ಪರವಾನಗಿಯಡಿ ಮಾರಾಟಕ್ಕೆ ಬಂದಿವೆ. ಗಿಡದ ಸಂಸ್ಕೃತ ಹೆಸರಾದ ‘ವಿಜಯಾ’ ಎಂಬುದನ್ನು ಅವುಗಳ ಚೀಟಿಗಳಲ್ಲಿ ಕಾಣಬಹುದು. ಹಳ್ಳಿಗಳಲ್ಲಿ ಭಂಗಿ ಸೊಪ್ಪಿನ ಮನೆಮದ್ದು ಹೇಳುವವರೂ ಇದ್ದಾರೆ. ಗಿಡದ್ದು, ಸಹಜವಾದದ್ದು, ಅಡ್ಡ ಪರಿಣಾಮವಿಲ್ಲ ಎಂಬ ನಂಬಿಕೆ ಬಲವಾಗಿದೆ. ಆದರೆ ಯಕೃತ್ತಿನ ಕಿಣ್ವಕ್ಕೆ ಒಂದು ಅಣು ಗಿಡದಿಂದ ಬಂತೋ ಕಾರ್ಖಾನೆಯಿಂದ ಬಂತೋ ಎಂಬ ಭೇದವಿಲ್ಲ.

ಅಧ್ಯಾಪಕರೇ, ಇಲ್ಲಿ ನಿಮ್ಮ ಪಾತ್ರ ದೊಡ್ಡದು. ಮೂರ್ಛೆರೋಗದ ಮಾತ್ರೆ ಸೇವಿಸುವ ವಿದ್ಯಾರ್ಥಿ ಕೆಲವು ವಾರಗಳಿಂದ ತರಗತಿಯಲ್ಲಿ ತೂಕಡಿಸುತ್ತಿದ್ದರೆ, ನಡೆಯುವಾಗ ತೂರಾಡಿದರೆ, ಊಟ ಸೇರದೆ ಸೊರಗುತ್ತಿದ್ದರೆ ಅದನ್ನು ಮೊದಲು ಗಮನಿಸುವವರು ನೀವಾಗಿರಬಹುದು. ಸೋಮಾರಿಯೆಂದು ಗದರಿಸುವ ಮೊದಲು ತಂದೆತಾಯಿಯನ್ನು ಕರೆಸಿ, ಮನೆಯಲ್ಲಿ ಹೊಸದಾಗಿ ಬೇರೆ ಏನಾದರೂ ಕೊಡುತ್ತಿದ್ದೀರಾ ಎಂದು ಮೆಲ್ಲನೆ ವಿಚಾರಿಸಿ. ಬಹಳಷ್ಟು ಮಂದಿ ಎರಡನೆಯ ಶೀಸೆಯ ವಿಷಯವನ್ನು ವೈದ್ಯರಿಂದ ಮುಚ್ಚಿಡುತ್ತಾರೆ. ಬೈಯುತ್ತಾರೆಂಬ ಭಯ, ಕಾನೂನಿನ ಅಂಜಿಕೆ, ಗಿಡಮೂಲಿಕೆಯನ್ನು ಹೇಳುವುದೇನಿದೆ ಎಂಬ ಉದಾಸೀನ ಇದಕ್ಕೆ ಕಾರಣ. ಹೊಸ ಎಣ್ಣೆಯನ್ನು ನಂಬಿ ಹಳೆಯ ಮಾತ್ರೆಯನ್ನು ಒಮ್ಮೆಲೇ ಬಿಟ್ಟುಬಿಡುವುದು ಇನ್ನೂ ಅಪಾಯಕಾರಿ. ಬಿಡುವಿಲ್ಲದ ಸೆಳವು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಶೀಸೆಯನ್ನೂ ಮಾತ್ರೆಯ ಚೀಟಿಯನ್ನೂ ಒಟ್ಟಿಗೆ ವೈದ್ಯರ ಮುಂದಿಡುವಂತೆ ಅವರನ್ನು ಒಪ್ಪಿಸಿದರೆ ನೀವು ಒಂದು ಮಗುವಿಗೆ ದೊಡ್ಡ ಉಪಕಾರ ಮಾಡಿದಂತೆ.

ಓಶಾನೆಸ್ಸಿಯವರ ವರದಿಯ ಹಿರಿಮೆ ಇರುವುದು ಅವರ ಔಷಧ ಗೆದ್ದಿತೆಂಬುದರಲ್ಲಿ ಅಲ್ಲ. ಹನಿಗಳನ್ನು ಎಣಿಸಿದರು, ಗಂಟೆಗಳನ್ನು ಗುರುತಿಸಿದರು, ಕಾಗದದ ಬಿರಡೆಯಿಂದಾದ ಪ್ರಮಾದವನ್ನು ಮುಚ್ಚಿಡದೆ ಬರೆದರು. ಆದ್ದರಿಂದಲೇ ಇಷ್ಟು ವರ್ಷಗಳ ನಂತರವೂ ಆ ಕೂಸಿನ ಕಥೆಯಿಂದ ನಾವು ಕಲಿಯಲು ಸಾಧ್ಯವಾಗಿದೆ. ಮುಂದಿನ ಸಲ ತರಗತಿಯಲ್ಲಿ ತೊಟ್ಟಿ ಮತ್ತು ನಲ್ಲಿಯ ಲೆಕ್ಕ ಬಂದಾಗ, ಹೊರಕಿಂಡಿ ಕಟ್ಟಿಕೊಂಡರೆ ಏನಾದೀತೆಂದು ಮಕ್ಕಳನ್ನು ಕೇಳಿ ನೋಡಿ.